ಆರೋಗ್ಯ ಸಿಬ್ಬಂದಿಯೇ ರೋಗಿಯಾಗಿ ಬಂದಾಗ: ಚಿಕಿತ್ಸೆ ನೀಡುವವರಿಗೊಂದು ಮಾರ್ಗದರ್ಶಿ

ವೈದ್ಯರು, ದಾದಿಯರು, ಲ್ಯಾಬ್ ಟೆಕ್ನಿಷಿಯನ್‌ಗಳು, ಫಾರ್ಮಸಿಸ್ಟರು, ವಾರ್ಡ್ ಸಹಾಯಕರು, ಆಂಬುಲೆನ್ಸ್ ಚಾಲಕರು, ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ ಎಲ್ಲರೂ ಒಂದಲ್ಲ ಒಂದು ದಿನ ಕಾಯಿಲೆ ಬಿದ್ದು ಇನ್ನೊಬ್ಬರ ಮುಂದೆ ಕೂರಬೇಕಾಗುತ್ತದೆ. ತಿಳಿವಳಿಕೆ ಉಳ್ಳವರು, ಹೇಳಿದ್ದನ್ನು ಬೇಗ ಗ್ರಹಿಸುವವರು, ಆದ್ದರಿಂದ ಅವರಿಗೆ ಚಿಕಿತ್ಸೆ ನೀಡುವುದು ಸುಲಭ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಚಿಕಿತ್ಸೆ ಹಾದಿ ತಪ್ಪುವುದು ಬಹಳ ಸಲ ಈ ಅನುಕೂಲಗಳಿಂದಲೇ. ಗೌರವದಿಂದಲೋ ಸಲುಗೆಯಿಂದಲೋ ಒಂದು ಪ್ರಶ್ನೆ ಕೇಳದೆ ಉಳಿಯುತ್ತದೆ, ಒಂದು ತಪಾಸಣೆ ನಾಳೆಗೆ ಮುಂದೂಡಲ್ಪಡುತ್ತದೆ, ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯದೆ ಹೋಗುತ್ತದೆ. ಬೇರೆ ಯಾರೇ ಬಂದಿದ್ದರೂ ಇವೆಲ್ಲ ತಾವಾಗಿಯೇ ನಡೆದುಹೋಗುತ್ತಿದ್ದವು.

ಈ ಎಚ್ಚರ ಹೊಸದೇನಲ್ಲ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1847ರಲ್ಲಿ ಅಂಗೀಕರಿಸಿದ ಮೊದಲ ನೀತಿಸಂಹಿತೆಯಲ್ಲೇ, ಕಾಯಿಲೆ ಬಿದ್ದ ವೈದ್ಯ ಸಾಮಾನ್ಯವಾಗಿ ತನ್ನ ಕಾಯಿಲೆಯನ್ನು ತಾನೇ ಸರಿಯಾಗಿ ಅಳೆಯಲಾರ ಎಂಬರ್ಥದ ಮಾತಿತ್ತು. ವಿಶ್ವ ವೈದ್ಯಕೀಯ ಸಂಘದ ಜಿನೀವಾ ಘೋಷಣೆಯು 1948ರಿಂದ ಜಾರಿಯಲ್ಲಿದ್ದರೂ, ವೈದ್ಯನು ತನ್ನ ಸ್ವಂತ ಆರೋಗ್ಯವನ್ನೂ ಕಾಪಾಡಿಕೊಳ್ಳುತ್ತೇನೆಂದು ಪ್ರತಿಜ್ಞೆ ಮಾಡುವ ಸಾಲು ಅದರೊಳಗೆ ಸೇರಿದ್ದು 2017ರಲ್ಲಿ. ಈ ಬರಹ ಅಂಥ ರೋಗಿಯ ಎದುರು ಕೂರುವ ವೈದ್ಯರಿಗಾಗಿ. ಸಾಮಾನ್ಯ ರೋಗಿಗೆ ಮಾಡುವ ಯಾವ ಕ್ರಮವನ್ನೂ ಬಿಡದಿರುವುದು ಮತ್ತು ಈ ವೃತ್ತಿಯವರಿಗೆ ಮಾತ್ರ ಬೇಕಾದ ಕೆಲವನ್ನು ಅದಕ್ಕೆ ಸೇರಿಸುವುದು, ಇಲ್ಲಿನ ಎಲ್ಲ ಸಲಹೆಗಳೂ ಈ ಎರಡರಿಂದಲೇ ಹೊರಡುತ್ತವೆ.

ಹೆಜ್ಜೆ 1: ಕಾರಿಡಾರಿನ ಮಾತನ್ನು ಸರಿಯಾದ ಭೇಟಿಯಾಗಿ ಬದಲಿಸಿ

ಸಹೋದ್ಯೋಗಿಯ ಕಾಯಿಲೆ ಒಪಿಡಿಯ ಸಾಲಿನಲ್ಲಿ ನಿಂತು ನಿಮ್ಮ ಬಳಿಗೆ ಬರುವುದು ಅಪರೂಪ. ಲಿಫ್ಟಿನ ಮುಂದೆ, ಒಟಿಯ ಹೊರಗೆ, ರೌಂಡ್ಸ್ ಮುಗಿದ ಗಡಿಬಿಡಿಯಲ್ಲಿ, ಮೊಬೈಲಿನ ಪರದೆಯ ಮೇಲೆ ಒಂದು ಇಸಿಜಿಯೋ ರಕ್ತಪರೀಕ್ಷೆಯ ವರದಿಯೋ ನಿಮ್ಮ ಕಣ್ಣ ಮುಂದೆ ಬರುತ್ತದೆ. "ಒಂದು ಸಲ ನೋಡಿಬಿಡಿ ಸರ್, ಗ್ಯಾಸೇ ಇರಬೇಕು" ಎಂಬ ಮಾತು ಜೊತೆಗಿರುತ್ತದೆ. ಆ ಮಾತಿನಲ್ಲಿ ಉತ್ತರ ಆಗಲೇ ಅಡಗಿದೆ. ನಿಮ್ಮಿಂದ ಬೇಕಾಗಿರುವುದು ತಲೆಯಾಡಿಸುವಿಕೆ ಮಾತ್ರ. ನಿಂತಲ್ಲೇ ಅಭಿಪ್ರಾಯ ಕೊಟ್ಟರೆ, ಕೇಳದ ಇತಿಹಾಸ ಮತ್ತು ಮುಟ್ಟಿ ನೋಡದ ದೇಹದ ಮೇಲೆ ನೀವು ತೀರ್ಪು ಕೊಟ್ಟಂತಾಗುತ್ತದೆ, ಆ ತೀರ್ಪು ಎಲ್ಲಿಯೂ ದಾಖಲಾಗಿರುವುದಿಲ್ಲ.

ಎದೆನೋವು, ಉಸಿರಾಟದ ತೊಂದರೆ, ಹಠಾತ್ತಾಗಿ ಬಂದ ಬಲಹೀನತೆ, ತೀವ್ರ ತಲೆನೋವುಗಳ ಮಾತು ಬಂದರೆ ಅವರನ್ನು ಅಲ್ಲಿಂದಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ನೀವೇ ಕರೆದುಕೊಂಡು ಹೋಗಿ. ಉಳಿದ ವಿಷಯಗಳಿಗೆ, "ಇದನ್ನು ಇಲ್ಲಿ ನಿಂತು ನೋಡಿದರೆ ನಿಮಗೆ ನ್ಯಾಯ ಮಾಡಿದಂತಾಗುವುದಿಲ್ಲ, ಇಂದು ಒಪಿಡಿ ಮುಗಿಯುವ ಹೊತ್ತಿಗೆ ಬನ್ನಿ, ಪೂರ್ತಿ ನೋಡೋಣ" ಎಂದು ಸಮಯವನ್ನು ಗೊತ್ತುಮಾಡಿಯೇ ಹೇಳಿ. "ಯಾವಾಗಲಾದರೂ ಬನ್ನಿ" ಎಂದರೆ ಅವರು ಬರುವುದಿಲ್ಲ. ಬಂದ ದಿನ ಹೆಸರು ನೋಂದಾಯಿಸಿ, ಕೇಸ್ ಶೀಟ್ ತೆರೆಯಿರಿ, ಬಾಗಿಲು ಮುಚ್ಚಿ ಕೂರಿಸಿ ಮಾತನಾಡಿ.

ಹೆಜ್ಜೆ 2: ಈ ಚಿಕಿತ್ಸೆಗೆ ನೀವೇ ಸರಿಯಾದವರೇ ಎಂದು ಯೋಚಿಸಿ

ಬಂದವರು ನಿಮ್ಮ ಮೇಲಧಿಕಾರಿಯೇ, ನೀವು ಪ್ರತಿವರ್ಷ ಮೌಲ್ಯಮಾಪನ ಮಾಡುವ ಕಿರಿಯರೇ, ಅಥವಾ ಆಪ್ತ ಗೆಳೆಯರೇ? ಮೇಲಧಿಕಾರಿಗೆ ನೀವು ಬೇಡದ ಮಾತನ್ನು ಹೇಳಲಾರಿರಿ. ಕಿರಿಯರು ತಮ್ಮ ಖಿನ್ನತೆಯನ್ನೋ ಮದ್ಯಪಾನವನ್ನೋ ನಿಮ್ಮ ಮುಂದೆ ಬಿಚ್ಚಿಡಲಾರರು. ಗೆಳೆಯರಿಗೆ ನೀವು ಕೆಟ್ಟ ಸುದ್ದಿಯನ್ನು ಮೆದುಮಾಡಿಯೇ ಹೇಳುತ್ತೀರಿ. ಇಂಥ ಸಂದರ್ಭಗಳಲ್ಲಿ ತುರ್ತನ್ನು ನಿಭಾಯಿಸಿ, ಮುಂದಿನ ಚಿಕಿತ್ಸೆಯನ್ನು ಬೇರೊಬ್ಬರಿಗೆ ಒಪ್ಪಿಸುವುದೇ ಒಳ್ಳೆಯದು. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ತನ್ನ ವೈದ್ಯರಿಗೆ ಕುಟುಂಬದ ಹೊರಗಿನ ಸಾಮಾನ್ಯ ವೈದ್ಯರ ಬಳಿ ನೋಂದಾಯಿಸಿಕೊಳ್ಳುವಂತೆ ಹೇಳುವುದರ ಹಿಂದೆಯೂ ಇದೇ ಕಾರಣವಿದೆ.

ಹೆಜ್ಜೆ 3: ಅವರ ರೋಗನಿರ್ಣಯವನ್ನು ಮೊದಲು ಕೇಳಿಸಿಕೊಳ್ಳಿ, ಆಮೇಲೆ ಬದಿಗಿಡಿ

ವೈದ್ಯಕೀಯ ಬಲ್ಲ ರೋಗಿ ಲಕ್ಷಣಗಳನ್ನು ಹೇಳುವುದಕ್ಕಿಂತ ಹೆಚ್ಚಾಗಿ ತೀರ್ಮಾನಗಳನ್ನು ಹೇಳುತ್ತಾರೆ. "ಮೈಗ್ರೇನ್ ಜಾಸ್ತಿಯಾಗಿದೆ" ಎನ್ನುತ್ತಾರೆ. ನೋವು ಎಲ್ಲಿ, ಎಷ್ಟು ಹೊತ್ತು, ಈ ಸಲದ ನೋವು ಹಿಂದಿನದಕ್ಕಿಂತ ಬೇರೆಯೇ ಎಂಬುದು ಆ ಒಂದು ಪದದಡಿ ಮುಚ್ಚಿಹೋಗುತ್ತದೆ. ಅವರ ಊಹೆಯನ್ನು ಕಡೆಗಣಿಸುವುದು ಅಗೌರವ, ಕಣ್ಣುಮುಚ್ಚಿ ಒಪ್ಪುವುದು ಅಪಾಯ. ಆದ್ದರಿಂದ ಮೊದಲೇ ನೇರವಾಗಿ ಮೂರು ಪ್ರಶ್ನೆ ಕೇಳಿ: ಇದು ಏನಿರಬಹುದೆಂದು ನೀವು ಅಂದುಕೊಂಡಿದ್ದೀರಿ? ಏನಾಗಿರಬಹುದೆಂದು ಭಯಪಡುತ್ತಿದ್ದೀರಿ? ಇದುವರೆಗೆ ಏನೇನು ಮಾಡಿಕೊಂಡಿದ್ದೀರಿ?

ಎರಡನೆಯ ಪ್ರಶ್ನೆ ಬಹಳ ಮುಖ್ಯ. ತಾವು ನೋಡಿದ ಅತಿ ಕೆಟ್ಟ ಪ್ರಕರಣ ಆರೋಗ್ಯ ಸಿಬ್ಬಂದಿಯ ಮನಸ್ಸಿನಲ್ಲಿ ಸದಾ ಉಳಿದಿರುತ್ತದೆ. ಕ್ಯಾನ್ಸರ್ ವಾರ್ಡಿನ ದಾದಿಗೆ ತನ್ನ ಕುತ್ತಿಗೆಯ ಚಿಕ್ಕ ಗಂಟು ಬೇರೆಯವರಿಗೆ ಕಂಡಂತೆ ಕಾಣುವುದಿಲ್ಲ. ಆ ಭಯ ಕೆಲವರನ್ನು ವಾರಕ್ಕೊಂದು ಸ್ಕ್ಯಾನಿಗೆ ಓಡಿಸಿದರೆ, ಹೆಚ್ಚಿನವರನ್ನು ತಿಂಗಳುಗಟ್ಟಲೆ ಯಾರಿಗೂ ಹೇಳದಂತೆ ತಡೆಯುತ್ತದೆ.

ಮೂರನೆಯ ಪ್ರಶ್ನೆಗೆ ಮೊದಲ ಉತ್ತರ "ಏನೂ ಇಲ್ಲ" ಎಂದೇ ಇರುತ್ತದೆ. ಅಲ್ಲಿಗೆ ನಿಲ್ಲಿಸದೆ ಹೆಸರು ಹಿಡಿದು ಕೇಳಿ: ಆಂಟಿಬಯಾಟಿಕ್ ಶುರುಮಾಡಿದ್ದೀರಾ? ಸ್ಟೀರಾಯ್ಡ್? ನಿದ್ರೆ ಮಾತ್ರೆ? ನೋವಿನ ಇಂಜೆಕ್ಷನ್? ಮನೆಯಲ್ಲಿದ್ದ ಸ್ಯಾಂಪಲ್ ಮಾತ್ರೆಗಳು? ಎರಡು ದಿನ ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಮಾಡಿದ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯದಿದ್ದರೆ ಅದಕ್ಕೆ ಅರ್ಥವಿರುವುದಿಲ್ಲ. ಸ್ಟೀರಾಯ್ಡ್ ಜ್ವರವನ್ನೂ ಹೊಟ್ಟೆಯ ಸೋಂಕಿನ ಚಿಹ್ನೆಗಳನ್ನೂ ಮರೆಮಾಚಬಲ್ಲದು. ಕೇಳುವ ದನಿಯಲ್ಲಿ ಆಕ್ಷೇಪವಿರಬಾರದು. ಸ್ವಯಂಚಿಕಿತ್ಸೆ ಈ ವೃತ್ತಿಯಲ್ಲಿ ಎಷ್ಟು ಸಾಮಾನ್ಯವೆಂದರೆ, ಮಾಡಿಕೊಂಡಿರುತ್ತಾರೆಂದೇ ಭಾವಿಸಿ ಕೇಳುವುದು ವಾಸ್ತವಕ್ಕೆ ಹತ್ತಿರ.

ಹೆಜ್ಜೆ 4: ಪೂರ್ತಿ ಪರೀಕ್ಷೆ ಮಾಡಿ, ಸಂಕೋಚದ ಭಾಗಗಳನ್ನೂ ಸೇರಿಸಿ

ಗುದದ್ವಾರದ ಪರೀಕ್ಷೆ, ಸ್ತನ ಪರೀಕ್ಷೆ, ಲೈಂಗಿಕ ಇತಿಹಾಸ, ಮುಟ್ಟಿನ ವಿವರ, ಮದ್ಯ ಮತ್ತು ತಂಬಾಕಿನ ಲೆಕ್ಕ, ಇವೇ ಸಹೋದ್ಯೋಗಿಯ ವಿಷಯದಲ್ಲಿ ಮೊದಲು ಕೈಬಿಟ್ಟುಹೋಗುವಂಥವು. ಮಲದಲ್ಲಿ ರಕ್ತ ಹೋಗುತ್ತಿದೆ ಎಂದು ಹಿರಿಯ ವೈದ್ಯರೊಬ್ಬರು ಬಂದು, ಮೂಲವ್ಯಾಧಿ ಎಂದು ತಾವೇ ಹೇಳಿದರೆ, ಬೆರಳಿಟ್ಟು ನೋಡಲು ಕಿರಿಯ ವೈದ್ಯರು ಹಿಂಜರಿಯುತ್ತಾರೆ. ಹಾಗೆ ನೋಡಿದ್ದರೆ ಸಿಗಬಹುದಾಗಿದ್ದ ಗಡ್ಡೆ ಇನ್ನಷ್ಟು ತಿಂಗಳು ಬೆಳೆಯುತ್ತದೆ. "ಇದೇ ದೂರಿನಿಂದ ಬರುವ ಎಲ್ಲರಿಗೂ ನಾನು ಈ ಪರೀಕ್ಷೆ ಮಾಡುತ್ತೇನೆ, ನಿಮಗೂ ಮಾಡುತ್ತೇನೆ" ಎಂಬ ಒಂದು ವಾಕ್ಯ ಇಬ್ಬರ ಸಂಕೋಚವನ್ನೂ ಕಡಿಮೆ ಮಾಡುತ್ತದೆ. ಅವರು ಒಪ್ಪದಿದ್ದರೆ ಬಲವಂತ ಬೇಡ. ಪರಿಚಯವಿಲ್ಲದ ವೈದ್ಯರ ಬಳಿ ಅದೇ ವಾರ ಪರೀಕ್ಷೆಯಾಗುವಂತೆ ಏರ್ಪಾಡು ಮಾಡಿ, ಆಗಿದೆಯೇ ಎಂದು ವಿಚಾರಿಸಿ.

ಅವರೇ ಮಾಡಿಸಿಕೊಂಡು ತಂದ ವರದಿಗಳನ್ನು ನೋಡಿ, ಆದರೆ ಅವುಗಳ ಮೇಲಷ್ಟೇ ನಿಲ್ಲಬೇಡಿ. ಯಾವ ಪರೀಕ್ಷೆ ಬೇಕೆಂದು ಅವರು ಆಯ್ದದ್ದು ತಮ್ಮ ಊಹೆಯ ಪ್ರಕಾರ, ಹೀಗಾಗಿ ಊಹೆಯ ಆಚೆಗಿರುವುದು ಆ ವರದಿಗಳಲ್ಲಿ ಕಾಣುವ ಸಾಧ್ಯತೆ ಕಡಿಮೆ.

ಹೆಜ್ಜೆ 5: ಅವರು ಮಾಡುವ ಕೆಲಸವನ್ನು ಗಂಟೆ ಗಂಟೆಯಾಗಿ ಕೇಳಿ ತಿಳಿಯಿರಿ

ಕಾರ್ಖಾನೆಯ ಕೆಲಸಗಾರ ಬಂದರೆ ಯಾವ ಯಂತ್ರ, ಎಂಥ ಧೂಳು ಎಂದು ಕೇಳುವ ನಾವು, ನಮ್ಮದೇ ಕಟ್ಟಡದಲ್ಲಿ ದುಡಿಯುವವರ ಕೆಲಸ ನಮಗೆ ಗೊತ್ತೆಂದು ಭಾವಿಸಿ ಕೇಳುವುದೇ ಇಲ್ಲ. ಈ ಹೆಜ್ಜೆಯಲ್ಲಿ ನಿಧಾನವಾಗಿ ನಿಲ್ಲುವುದು ಅಗತ್ಯ.

ಸೂಜಿ ಚುಚ್ಚಿದ ಗಾಯದಿಂದ ಆರಂಭಿಸಿ. 1847ರ ಮಾರ್ಚ್‌ನಲ್ಲಿ ವಿಯೆನ್ನಾದ ಯಾಕೋಬ್ ಕೊಲ್ಲೆಚ್ಕಾ ಎಂಬ ಪ್ರಾಧ್ಯಾಪಕರು ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಚಾಕು ಬೆರಳಿಗೆ ತಾಗಿ ಸೋಂಕಿನಿಂದ ತೀರಿಕೊಂಡರು. ಆ ಸಾವೇ ಅದೇ ಆಸ್ಪತ್ರೆಯ ಹೆರಿಗೆ ವಿಭಾಗದ ವೈದ್ಯ ಸೆಮ್ಮೆಲ್‌ವೈಸ್ ಅವರಿಗೆ ಬಾಣಂತಿ ಜ್ವರದ ಮೂಲವನ್ನು ಸೂಚಿಸಿತು. ಇಂದು ಭಯ ಬೇರೆ ರೋಗಾಣುಗಳದ್ದು. ಎಚ್‌ಐವಿ ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು 0.3 ಶೇಕಡ. ಲಸಿಕೆ ಪಡೆಯದವರಲ್ಲಿ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಚುಚ್ಚಿಸಿಕೊಂಡವರು ನಿಮ್ಮ ಬಳಿ ಬಂದರೆ ಗಾಯವನ್ನು ಸೋಪು ನೀರಿನಿಂದ ತೊಳೆಸಿ. ಹಿಂಡುವುದು, ಬ್ಲೀಚ್ ಹಾಕುವುದು ಬೇಡ. ಯಾವ ರೋಗಿಯ ಸೂಜಿ ಎಂದು ತಿಳಿದಿದ್ದರೆ ಆ ರೋಗಿಯ ಒಪ್ಪಿಗೆ ಪಡೆದು ರಕ್ತಪರೀಕ್ಷೆ ಮಾಡಿಸಿ. ಎಚ್‌ಐವಿ ತಡೆ ಔಷಧ ಬೇಕೆಂದು ನಿರ್ಧಾರವಾದರೆ ವರದಿಗಾಗಿ ಕಾಯುತ್ತ ಕೂರದೆ ಸಾಧ್ಯವಾದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಿ, 28 ದಿನ ಪೂರ್ತಿ ಕೊಡಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದೆಯೇ ಎಂಬುದಷ್ಟೇ ಸಾಲದು. ರಕ್ತದಲ್ಲಿನ ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 10 ಮಿಲಿ ಅಂತಾರಾಷ್ಟ್ರೀಯ ಘಟಕಗಳನ್ನು ತಲುಪಿದೆಯೇ ಎಂದು ನೋಡಬೇಕು. ರಕ್ಷಣೆಯಿಲ್ಲದವರಿಗೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾದರೆ ಅದನ್ನು 24 ಗಂಟೆಗಳೊಳಗೆ ಕೊಡುವುದು ಉತ್ತಮ. ಹೆಪಟೈಟಿಸ್ ಸಿಗೆ ಮುಂಜಾಗ್ರತೆಯ ಔಷಧವಿಲ್ಲ; ಆದರೆ ಮರುಪರೀಕ್ಷೆಯಲ್ಲಿ ಸೋಂಕು ಪತ್ತೆಯಾದರೆ ಈಗಿನ ಮಾತ್ರೆಗಳಿಂದ ಶೇಕಡ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ ಎಂಬುದನ್ನು ಅವರಿಗೆ ಅಂದೇ ಹೇಳಿ. ಆ ಮಾತು ಮುಂದಿನ ವಾರಗಳ ನಿದ್ರೆಯನ್ನು ಉಳಿಸುತ್ತದೆ.

ಸ್ವಚ್ಛತಾ ಸಿಬ್ಬಂದಿಯ ವಿಷಯದಲ್ಲಿ ಈ ಇಡೀ ಕ್ರಮ ಹೆಚ್ಚಾಗಿ ಕುಸಿದುಬೀಳುತ್ತದೆ. ಯಾರೋ ಕಸದ ಚೀಲಕ್ಕೆ ಹಾಕಿದ ಸೂಜಿ, ಚೀಲವನ್ನು ಹೆಗಲಿಗೇರಿಸುವಾಗ ತೊಡೆಗೆ ಚುಚ್ಚುತ್ತದೆ. ಯಾವ ರೋಗಿಯದೆಂದು ತಿಳಿಯುವುದಿಲ್ಲ, ಹೇಳಿದರೆ ಗುತ್ತಿಗೆದಾರ ಬೈಯುತ್ತಾನೆಂಬ ಹೆದರಿಕೆ, ಲಸಿಕೆಯ ದಾಖಲೆ ಇರುವುದಿಲ್ಲ. ಸರ್ಜನ್ ಬೆರಳಿಗೆ ಚುಚ್ಚಿದಾಗ ಇಡೀ ವಿಭಾಗ ಓಡಿಬರುತ್ತದೆ; ಇವರಿಗೆ ಚುಚ್ಚಿದಾಗ ಸ್ಪಿರಿಟ್ ಸವರಿ ಮತ್ತೆ ಕೆಲಸಕ್ಕೆ ಕಳಿಸುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಅದೇ ಪರೀಕ್ಷೆ, ಅದೇ ಔಷಧ, ಅದೇ ಲಿಖಿತ ದಾಖಲೆ ಅವರಿಗೂ ಸಿಗಬೇಕು. ಗಾಯ ಕೆಲಸದ ವೇಳೆಯೇ ಆಯಿತೆಂದು ದಿನಾಂಕ ಮತ್ತು ಸಮಯದೊಂದಿಗೆ ನೀವು ಬರೆದಿಡುವ ಸಾಲು ನಾಳೆ ಪರಿಹಾರ ಕೇಳಲು ಅವರ ಬಳಿಯಿರುವ ಏಕೈಕ ಆಧಾರವಾಗಬಹುದು.

ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯರೋಗಿಗಳ ನಡುವೆ ದುಡಿಯುವವರು ತಮ್ಮ ಕೆಮ್ಮಿಗೆ ಅಲರ್ಜಿ, ಎಸಿ, ಧೂಳು ಎಂದೇ ಕಾರಣ ಹೇಳಿಕೊಳ್ಳುತ್ತಾರೆ. ರೋಗಿಗಳನ್ನು ಎತ್ತಿ ಮಲಗಿಸುವವರ ಸೊಂಟನೋವಿಗೆ ಮಾತ್ರೆ ಬರೆದು ಅದೇ ಕೆಲಸಕ್ಕೆ ಕಳಿಸಿದರೆ ನೋವು ವಾಸಿಯಾಗದು. ಕೈಯ ಚರ್ಮ ಒಡೆದಿದ್ದರೆ ಕೈಗವಸಿನ ಲ್ಯಾಟೆಕ್ಸ್ ಅಲರ್ಜಿಯನ್ನೂ, ಮೇಲಿಂದ ಮೇಲೆ ಸೋಪು ಬಳಸುವುದನ್ನೂ ವಿಚಾರಿಸಿ. ಚರ್ಮಕ್ಕೆ ತೇವ ಕೊಡುವ ಅಂಶವಿರುವ ಆಲ್ಕೋಹಾಲ್ ದ್ರಾವಣ ಸೋಪಿಗಿಂತ ಕಡಿಮೆ ಹಾನಿ ಮಾಡುತ್ತದೆ. ಗರ್ಭಿಣಿಯಾಗಿದ್ದರೆ ಎಕ್ಸ್‌ರೇ, ಕ್ಯಾನ್ಸರ್ ಔಷಧಗಳ ತಯಾರಿ, ಅರಿವಳಿಕೆ ಅನಿಲಗಳ ನಡುವಿನ ಕೆಲಸದ ಬಗ್ಗೆ ಕೇಳಿ. ಗರ್ಭದ ವಿಷಯ ತಿಳಿಸಿದ ಮೇಲೆ ಉಳಿದ ಅವಧಿಯಲ್ಲಿ ಭ್ರೂಣಕ್ಕೆ ತಗಲುವ ವಿಕಿರಣ 1 ಮಿಲಿಸೀವರ್ಟ್ ಮೀರದಂತೆ ನೋಡಿಕೊಳ್ಳಬೇಕೆಂಬುದು ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಶಿಫಾರಸು.

ನೈಟ್ ಡ್ಯೂಟಿಯನ್ನು ಮರೆಯಬೇಡಿ. ಬೆಳಿಗ್ಗೆ ಒಂಬತ್ತಕ್ಕೆ ಮಲಗುವವರಿಗೆ "ರಾತ್ರಿ ಊಟದ ನಂತರ" ಎಂದು ಬರೆದ ಚೀಟಿಗೆ ಅರ್ಥವಿಲ್ಲ. ಇನ್ಸುಲಿನ್, ಥೈರಾಯ್ಡ್ ಮಾತ್ರೆ, ರಕ್ತದೊತ್ತಡದ ಮಾತ್ರೆ ಇವುಗಳನ್ನು ಹಗಲು ಪಾಳಿಗೆ ಒಂದು ರೀತಿ, ರಾತ್ರಿ ಪಾಳಿಗೆ ಇನ್ನೊಂದು ರೀತಿ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಎರಡು ಪಟ್ಟಿ ಬರೆದುಕೊಡಿ. ಮೂರ್ಛೆರೋಗವಿರುವವರಿಗೆ ನಿದ್ರೆಗೆಡುವುದೇ ಫಿಟ್ಸ್ ತರಿಸಬಲ್ಲದಾದ್ದರಿಂದ, ಅವರನ್ನು ರಾತ್ರಿ ಪಾಳಿಯಿಂದ ಬಿಡಿಸುವುದೂ ಚಿಕಿತ್ಸೆಯ ಭಾಗವೇ.

ಹೆಜ್ಜೆ 6: ಮನಸ್ಸು, ಮದ್ಯ ಮತ್ತು ಕೈಗೆಟಕುವ ಔಷಧಗಳ ಬಗ್ಗೆ ನೇರವಾಗಿ ಕೇಳಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ 'ಬರ್ನ್‌ಔಟ್' (ಕೆಲಸದ ಒತ್ತಡದಿಂದ ಬಸವಳಿಯುವುದು) ಎಂಬುದನ್ನು ಕಾಯಿಲೆಯೆಂದು ಹೇಳದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ವಿವರಿಸಲಾಗಿದೆ. ಆರೋಗ್ಯ ಸಿಬ್ಬಂದಿಗೆ ಈ ಪದ ಒಪ್ಪಿಕೊಳ್ಳಲು ಸುಲಭ, 'ಖಿನ್ನತೆ' ಎಂಬುದು ಕಷ್ಟ. ಆದ್ದರಿಂದ "ತುಂಬಾ ಸುಸ್ತು, ಬರ್ನ್‌ಔಟ್ ಆಗಿದೆ" ಎಂಬ ಮಾತು ಕೇಳಿದಾಗ ಅಲ್ಲಿಗೆ ಬಿಡದೆ, ರಜೆಯಲ್ಲಿಯೂ ಹಾಗೇ ಅನ್ನಿಸುತ್ತದೆಯೇ, ಹಿಂದೆ ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವಾಗುತ್ತದೆಯೇ, ಬದುಕುವುದೇ ಬೇಡವೆನ್ನಿಸುತ್ತದೆಯೇ ಎಂದು ಕೇಳಿ.

ಖಿನ್ನತೆಯನ್ನು ಅಳೆಯುವ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಹಾಳೆಯನ್ನು ಕೈಗೆ ಕೊಟ್ಟು ಭರ್ತಿ ಮಾಡಿಸುವುದು ಇಲ್ಲಿ ಸಾಲದು. ಅದನ್ನು ದಿನವೂ ಬೇರೆಯವರಿಗೆ ಕೊಡುವವರಿಗೆ 10 ಅಂಕ ತಲುಪಿದರೆ ಏನಾಗುತ್ತದೆಂದು ಗೊತ್ತಿರುತ್ತದೆ, ಉತ್ತರವನ್ನು ಅದಕ್ಕೆ ತಕ್ಕಂತೆ ತಗ್ಗಿಸಬಲ್ಲರು. ಎದುರು ಕೂತು ಮಾತನಾಡುವುದರಿಂದಲೇ ತಿಳಿಯಬೇಕು. ಆತ್ಮಹತ್ಯೆಯ ಯೋಚನೆಯ ಬಗ್ಗೆ ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆಂಬ ಅಂಜಿಕೆಗೆ ಆಧಾರವಿಲ್ಲ. ಮಹಿಳಾ ವೈದ್ಯರಲ್ಲಿ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಮಹಿಳೆಯರಿಗಿಂತ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ತೋರಿಸಿವೆ. ಇದರ ಜೊತೆಗೆ, ಈ ವೃತ್ತಿಯವರಿಗೆ ಮಾರಕ ಔಷಧಗಳು ಕೈಗೆಟಕುತ್ತವೆ, ಪ್ರಮಾಣವೂ ತಿಳಿದಿರುತ್ತದೆ. ಹೀಗಾಗಿ ಅಪಾಯ ಕಂಡರೆ ಕೆಲಸದ ಸ್ಥಳದ ಔಷಧ ಕಪಾಟು ಅವರ ಕೈಗೆ ಸಿಗದಂತೆ ಮಾಡುವ ಬಗ್ಗೆ ಅವರೊಂದಿಗೇ ಮಾತನಾಡಿ ಏರ್ಪಾಡು ಮಾಡಬೇಕು.

ನೋವು ತಗ್ಗಿಸಲು, ಅರಿವಳಿಕೆಗೆ ಬಳಸುವ ಪೆಥಿಡಿನ್, ಫೆಂಟನಿಲ್, ಪ್ರೊಪೊಫಾಲ್‌ನಂಥ ಔಷಧಗಳ ವ್ಯಸನ ತಲೆನೋವು, ಹೊಟ್ಟೆನೋವು, ನಿದ್ರಾಹೀನತೆಯ ವೇಷದಲ್ಲಿ ಬರುತ್ತದೆ. ಬೇಸಿಗೆಯಲ್ಲೂ ಉದ್ದ ತೋಳಿನ ಬಟ್ಟೆ, ಬೇಡದಿದ್ದರೂ ಹೆಚ್ಚುವರಿ ಡ್ಯೂಟಿಗೆ ಮುಂದಾಗುವುದು, ಔಷಧದ ಲೆಕ್ಕದಲ್ಲಿ ಪದೇ ಪದೇ ವ್ಯತ್ಯಾಸ ಇವು ಗಮನಿಸಬೇಕಾದವು. ಕಂಡುಬಂದಾಗ ಒಬ್ಬರೇ ಮುಖಾಮುಖಿಯಾಗಿ ಆರೋಪಿಸಿ ಮನೆಗೆ ಕಳಿಸಬೇಡಿ. ಗುಟ್ಟು ಬಯಲಾದ ಮುಂದಿನ ಕೆಲವು ಗಂಟೆಗಳೇ ಅವರ ಪ್ರಾಣಕ್ಕೆ ಅತಿ ಅಪಾಯದವು. ಅಂದೇ ಮನೋವೈದ್ಯರನ್ನು ಸೇರಿಸಿಕೊಂಡು, ದಾಖಲಾಗುವ ವ್ಯವಸ್ಥೆಯನ್ನು ಸಿದ್ಧಮಾಡಿಟ್ಟುಕೊಂಡೇ ಮಾತು ಆರಂಭಿಸಿ.

ಹೆಜ್ಜೆ 7: ಗೊತ್ತಿದೆ ಎಂದು ಭಾವಿಸದೆ ವಿವರಿಸಿ

ಮೂಳೆತಜ್ಞರಿಗೆ ಹೃದಯ ವೈಫಲ್ಯದ ಹೊಸ ಮಾತ್ರೆಗಳ ಬಗ್ಗೆ ತಿಳಿದಿರಬೇಕೆಂದೇನಿಲ್ಲ. ತಿಳಿದಿದ್ದರೂ ಆತಂಕದಲ್ಲಿರುವ ಮನಸ್ಸಿಗೆ ತಿಳಿದದ್ದು ಒದಗುವುದಿಲ್ಲ. ಕೇಳಿದರೆ ಅಜ್ಞಾನ ಬಯಲಾದೀತೆಂದು ಅವರು ಕೇಳುವುದೂ ಇಲ್ಲ. "ನಿಮಗೆ ಗೊತ್ತಿರುವುದೂ ಇದರಲ್ಲಿ ಇರಬಹುದು, ಆದರೂ ಎಲ್ಲರಿಗೆ ಹೇಳುವಂತೆ ಮೊದಲಿನಿಂದ ಹೇಳುತ್ತೇನೆ" ಎಂದು ಆರಂಭಿಸಿ, ಸರಳ ಮಾತಿನಲ್ಲಿ ಹೇಳಿ, ಕೊನೆಯಲ್ಲಿ "ಮನೆಯವರಿಗೆ ಇದನ್ನು ಹೇಗೆ ಹೇಳುತ್ತೀರಿ?" ಎಂದು ಕೇಳಿ. ಅವರು ಎಷ್ಟು ಗ್ರಹಿಸಿದ್ದಾರೆಂಬುದು ಆ ಉತ್ತರದಲ್ಲಿ ಹೊರಬರುತ್ತದೆ, ಪರೀಕ್ಷಿಸಿದಂತೆಯೂ ಆಗುವುದಿಲ್ಲ. "ನೀವೇ ಡಾಕ್ಟರು, ನೀವೇ ನಿರ್ಧರಿಸಿ" ಎಂಬ ಮಾತನ್ನು ಮಾತ್ರ ಎಂದೂ ಆಡಬೇಡಿ. ಅದು ಗೌರವದಂತೆ ಕೇಳಿಸಿದರೂ, ರೋಗಿಯನ್ನು ಒಂಟಿಯಾಗಿ ಬಿಟ್ಟಂತೆ.

ಹೆಜ್ಜೆ 8: ಗೋಪ್ಯತೆಗೆ ಎರಡು ಪಟ್ಟು ಎಚ್ಚರ ವಹಿಸಿ

ಬೇರೆ ರೋಗಿಗಳ ಗುಟ್ಟು ಹೊರಗಿನವರಿಂದ ಕಾಪಾಡಬೇಕು. ಇವರ ಗುಟ್ಟನ್ನು ಒಳಗಿನವರಿಂದ ಕಾಪಾಡಬೇಕು. ಲ್ಯಾಬಿನಲ್ಲಿ ವರದಿ ಮುದ್ರಿಸುವವರು, ಬಿಲ್ಲಿಂಗ್ ಕೌಂಟರಿನವರು, ಫಾರ್ಮಸಿಯವರು ಎಲ್ಲರೂ ಅವರ ಪರಿಚಿತರೇ. ಕಾಳಜಿಯಿಂದಲೇ ಯಾರೋ ಕಂಪ್ಯೂಟರಿನಲ್ಲಿ ವರದಿ ತೆರೆದು ನೋಡುತ್ತಾರೆ, ಸಂಜೆಯ ಹೊತ್ತಿಗೆ ಡ್ಯೂಟಿ ರೂಮಿನಲ್ಲಿ ಸುದ್ದಿ ಹರಡಿರುತ್ತದೆ. ಎಚ್‌ಐವಿ, ಗರ್ಭಧಾರಣೆ, ಮನೋರೋಗದ ಪರೀಕ್ಷೆಗಳಾದರೆ ಹೊರಗಿನ ಸಂಸ್ಥೆಯಲ್ಲಿ ಮಾಡಿಸುವ ಆಯ್ಕೆಯನ್ನು ಅವರ ಮುಂದಿಡಿ. ವಿದ್ಯುನ್ಮಾನ ದಾಖಲೆಯಲ್ಲಿ ನಿರ್ಬಂಧ ಹಾಕುವ ಸೌಲಭ್ಯವಿದ್ದರೆ ಬಳಸಿ. ರೌಂಡ್ಸ್‌ನಲ್ಲಿ, ತರಗತಿಯಲ್ಲಿ ಅವರ ಪ್ರಕರಣವನ್ನು ಚರ್ಚೆಗೆ ತರಬೇಡಿ. ಇತರ ರೋಗಿಗಳಿಗೆ ಅಪಾಯವಿದ್ದಾಗ ಗೋಪ್ಯತೆಗೆ ಮಿತಿಯಿದೆ ಎಂಬುದನ್ನು ಮೊದಲ ಭೇಟಿಯಲ್ಲೇ ಸ್ಪಷ್ಟಪಡಿಸಿ. ನಂತರ ಹೇಳಿದರೆ ಅದು ನಂಬಿಕೆದ್ರೋಹವೆನಿಸುತ್ತದೆ.

ಹೆಜ್ಜೆ 9: ಒಳರೋಗಿಯಾದರೆ ಒಬ್ಬರೇ ಮುಖ್ಯ ವೈದ್ಯರಿರಲಿ

ಗಣ್ಯ ರೋಗಿಗಳ ಸುತ್ತ ಚಿಕಿತ್ಸಾ ತಂಡದ ನಡವಳಿಕೆ ಬದಲಾಗಿ, ಅದರಿಂದ ಚಿಕಿತ್ಸೆಯೇ ಹದಗೆಡುವುದನ್ನು ಅಮೆರಿಕದ ಮನೋವೈದ್ಯ ವಾಲ್ಟರ್ ವೈನ್‌ಟ್ರಾಬ್ 1964ರಲ್ಲಿ 'ವಿಐಪಿ ಸಿಂಡ್ರೋಮ್' ಎಂದು ವಿವರಿಸಿದರು. ಸಹೋದ್ಯೋಗಿ ವಾರ್ಡಿನಲ್ಲಿ ಮಲಗಿದಾಗ ನಡೆಯುವುದೂ ಇದೇ. ನೋಡಲು ಬಂದ ಪ್ರತಿಯೊಬ್ಬ ತಜ್ಞರೂ ಒಂದು ಸಲಹೆ ಬಿಟ್ಟುಹೋಗುತ್ತಾರೆ, ರೋಗಿ ತಾವೇ ಡ್ರಿಪ್ಪಿನ ವೇಗ ಬದಲಿಸುತ್ತಾರೆ, ಕಿರಿಯ ದಾದಿ ಬಿಪಿ ನೋಡಲು ಮಧ್ಯರಾತ್ರಿ ಎಬ್ಬಿಸಲು ಅಂಜುತ್ತಾರೆ. ಮುಖ್ಯ ವೈದ್ಯರ ಹೆಸರನ್ನು ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆದು, ಬೇರೆ ಯಾರ ಸಲಹೆಯೂ ಅವರ ಮೂಲಕವೇ ಜಾರಿಯಾಗಬೇಕೆಂದು ದಾದಿಯರಿಗೆ ತಿಳಿಸಿ. ಭೇಟಿಯ ವೇಳೆ ಎಲ್ಲರಿಗೂ ಒಂದೇ ಇರಲಿ.

ಹೆಜ್ಜೆ 10: ಕೆಲಸಕ್ಕೆ ಮರಳುವ ದಿನವನ್ನು ನೀವೇ ನಿಗದಿಮಾಡಿ

ನಿರ್ಧಾರ ಅವರಿಗೇ ಬಿಟ್ಟರೆ ಬಹುತೇಕರು ಬೇಗನೆ ಮರಳುತ್ತಾರೆ, ಏಕೆಂದರೆ ತಮ್ಮ ಪಾಳಿಯನ್ನು ಯಾರು ಹೊರುತ್ತಾರೆಂಬ ಅಳುಕು ಜ್ವರಕ್ಕಿಂತ ಹೆಚ್ಚು ಕಾಡುತ್ತದೆ. ನೊರೊವೈರಸ್‌ನ ವಾಂತಿಭೇದಿ ನಿಂತ ಮೇಲೂ ಕನಿಷ್ಠ 48 ಗಂಟೆ ಕೆಲಸದಿಂದ ದೂರವಿರಬೇಕು. ಫ್ಲೂ ಬಂದವರಿಗೆ ಜ್ವರದ ಮಾತ್ರೆಯ ನೆರವಿಲ್ಲದೆ ಜ್ವರ ಇಳಿದು 24 ಗಂಟೆ ಕಳೆದಿರಬೇಕು. ಸೀತಾಳೆ ಸಿಡುಬಿನ ವಿರುದ್ಧ ರೋಗನಿರೋಧಕ ಶಕ್ತಿಯಿಲ್ಲದವರು ಅದರ ಸಂಪರ್ಕಕ್ಕೆ ಬಂದಿದ್ದರೆ, ತಮಗೆ ಗುಳ್ಳೆ ಬಾರದಿದ್ದರೂ ಸಂಪರ್ಕದ 8ನೇ ದಿನದಿಂದ 21ನೇ ದಿನದವರೆಗೆ ರೋಗಿಗಳ ಬಳಿ ಹೋಗಬಾರದು.

ಫಿಟ್ನೆಸ್ ಪತ್ರದಲ್ಲಿ "ಕೆಲಸಕ್ಕೆ ಅರ್ಹ" ಎಂದು ಒಂದೇ ಸಾಲು ಬರೆದುಕೊಡುವುದರಿಂದ ಅವರಿಗೆ ಉಪಯೋಗವಿಲ್ಲ. ಎಷ್ಟು ಗಂಟೆ ನಿಲ್ಲಬಹುದು, ಭಾರ ಎತ್ತಬಹುದೇ, ರಾತ್ರಿ ಪಾಳಿ ಎಂದಿನಿಂದ, ಒಟಿಯ ಕೆಲಸ ಎಂದಿನಿಂದ ಎಂಬುದನ್ನು ವಾರಗಳ ಲೆಕ್ಕದಲ್ಲಿ ಬರೆಯಿರಿ. ಕಾಯಿಲೆಯ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬೇಡಿ. ಮುಂದಿನ ಭೇಟಿಯ ದಿನಾಂಕವನ್ನು ಅವರು ಕೋಣೆಯಿಂದ ಹೊರಡುವ ಮೊದಲೇ ನೋಂದಾಯಿಸಿ. ಶುಲ್ಕದ ಮಾತನ್ನೂ ಅಂದೇ ಮುಗಿಸಿಬಿಡಿ: ಶುಲ್ಕ ಬೇಡವೆಂದರೆ ಹಲವರು ಉಪಕಾರದ ಹೊರೆಗೆ ಅಂಜಿ ಎರಡನೆಯ ಸಲ ಬರುವುದೇ ಇಲ್ಲ. ಅಂಥವರಿಂದ ಎಲ್ಲರಂತೆ ಶುಲ್ಕ ಪಡೆದರೆ, ಮತ್ತೆ ಬರುವಾಗಲೂ ಪ್ರಶ್ನೆ ಕೇಳುವಾಗಲೂ ಅವರು ಹಿಂಜರಿಯಬೇಕಾಗಿ ಬರುವುದಿಲ್ಲ.